ಟ್ರೇಲರಿಗೆ ಹಿನ್ನೋಟದ ಕ್ಯಾಮೆರಾ: ಆರಿಸುವ ಮತ್ತು ಕೂರಿಸುವ ಕ್ರಮ

ಸೋಸಲೆಯು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನ ಒಂದು ಹೋಬಳಿಯ ಮುಖ್ಯ ಗ್ರಾಮ. ಕಾವೇರಿ ಕಪಿಲೆಗಳು ಕೂಡುವ ಸ್ಥಳಕ್ಕೆ ಸಮೀಪವಾಗಿರುವ ಈ ಸೀಮೆಯಲ್ಲಿ ಬತ್ತವೂ ಕಬ್ಬೂ ಮುಖ್ಯವಾದ ನೀರಾವರಿ ಬೆಳೆಗಳು. ಹಿಂದಿನ ಕಾಲದಲ್ಲಿ ಫಸಲೆಲ್ಲವೂ ಎತ್ತಿನ ಗಾಡಿಯ ಮೇಲೆಯೇ ಕಣಕ್ಕೂ ಮನೆಗೂ ಸಾಗುತ್ತಿತ್ತು. ಗಾಡಿಯನ್ನು ಹಿಂದಕ್ಕೆ ಸರಿಸಬೇಕಾದರೆ ಎತ್ತುಗಳನ್ನು ಬಿಚ್ಚಿ, ನೊಗವನ್ನು ಕೈಯಲ್ಲಿ ಹಿಡಿದು, ನಾಲ್ಕು ಮಂದಿ ಕೂಡಿ ತಳ್ಳುತ್ತಿದ್ದರು. ಅವರಲ್ಲಿ ಯಾರಾದರೊಬ್ಬರ ಕಣ್ಣು ಚಕ್ರದ ಮೇಲೆ ಇದ್ದೇ ಇರುತ್ತಿತ್ತು. ಈಗ ಆ ಕೆಲಸವು ಟ್ರ್ಯಾಕ್ಟರಿಗೆ ಸೇರಿದೆ. ನಾಲ್ವರ ಬಲವನ್ನು ಯಂತ್ರವು ವಹಿಸಿಕೊಂಡಿತು. ಆದರೆ ನಾಲ್ವರ ಕಣ್ಣನ್ನು ಅದು ವಹಿಸಿಕೊಳ್ಳಲಿಲ್ಲ. ಚಾಲಕನೊಬ್ಬನು ಮುಂದೆ ಕುಳಿತು, ತನಗೆ ಕಾಣದ ಕಡೆಗೆ, ಹಲವು ಟನ್ ಭಾರವನ್ನು ನೂಕುತ್ತಾನೆ.

ಈ ಕೊರತೆಯನ್ನು ಬಹುಮಟ್ಟಿಗೆ ತುಂಬತಕ್ಕ ಸಾಧನವೊಂದು ಈಗ ಸುಲಭವಾಗಿ ದೊರೆಯುತ್ತದೆ. ಅದೇ ಹಿನ್ನೋಟದ ಕ್ಯಾಮೆರಾ. ವಾಹನದ ಹಿಂಭಾಗದಲ್ಲಿ ಕೂರಿಸಿದ ಚಿಕ್ಕ ಕ್ಯಾಮೆರಾ, ಚಾಲಕನ ಮುಂದಿರುವ ಪರದೆ, ಇವೆರಡನ್ನು ಸೇರಿಸುವ ತಂತಿ, ಇಷ್ಟೇ ಅದರ ಅಂಗಗಳು. ಕಾರಿಗೆಂದು ಮಾಡಿದುದನ್ನು ಹಾಗೆಯೇ ತಂದು ಟ್ರೇಲರಿಗೆ ಕಟ್ಟಿದರೆ ಒಂದು ಮಳೆಗಾಲವೂ ಬಾಳದೆ ಹೋಗಬಹುದು. ಆದುದರಿಂದ ಇದನ್ನು ಆರಿಸುವಾಗಲೂ ಕೂರಿಸುವಾಗಲೂ ಗಮನಿಸಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ಕಾಣದ ನೆಲ ಎಷ್ಟು?

ಮೊದಲು ಅಪಾಯದ ಅಳತೆಯನ್ನು ತಿಳಿಯುವುದು ಯುಕ್ತ. ಬರಿದಾದ ಟ್ರೇಲರೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಚಾಲಕನ ಕಣ್ಣು ನೆಲದಿಂದ ೭ ಅಡಿ ಎತ್ತರದಲ್ಲಿದೆ. ಟ್ರೇಲರಿನ ಹಿಂಬಾಗಿಲಿನ ಮೇಲಂಚು ೫ ಅಡಿ ಎತ್ತರದಲ್ಲಿದೆ. ಇವೆರಡರ ನಡುವೆ ೧೮ ಅಡಿ ದೂರವಿದೆ ಎಂದಿಟ್ಟುಕೊಳ್ಳೋಣ. ಹಿಂತಿರುಗಿ ನೋಡಿದವನ ದೃಷ್ಟಿಯು ೧೮ ಅಡಿಗೆ ೨ ಅಡಿಯಂತೆ ಇಳಿಯುತ್ತ ಹೋಗುತ್ತದೆ. ಈ ಲೆಕ್ಕದ ಪ್ರಕಾರ ೩ ಅಡಿ ಎತ್ತರದ ಮಗುವಿನ ನೆತ್ತಿಯು ಕಾಣಬೇಕಾದರೆ ಆ ಮಗುವು ಹಿಂಬಾಗಿಲಿನಿಂದ ೧೮ ಅಡಿ ಆಚೆಗೆ ಇರಬೇಕು. ನೆಲದ ಮೇಲೆ ಮಲಗಿದ ಜೀವವು ಕಾಣಬೇಕಾದರೆ ೪೫ ಅಡಿ ದೂರವಿರಬೇಕು. ಅದಕ್ಕಿಂತ ಈಚೆಗಿರುವ ನೆಲವೆಲ್ಲ ಚಾಲಕನ ಪಾಲಿಗೆ ಇಲ್ಲದ ಹಾಗೆಯೇ. ಇದು ಬರಿಯ ಟ್ರೇಲರಿನ ಲೆಕ್ಕ. ಕಬ್ಬನ್ನೋ ಹುಲ್ಲನ್ನೋ ತುಂಬಿದ ಮೇಲೆ ಹಿಂದುಗಡೆ ಏನೂ ಕಾಣುವುದಿಲ್ಲ. ಪಕ್ಕದ ಕನ್ನಡಿಗಳು ಎರಡು ಬದಿಗಳನ್ನು ತೋರಿಸುತ್ತವೆಯೇ ಹೊರತು ನಟ್ಟ ಹಿಂದಿನ ಜಾಗವನ್ನು ತೋರಿಸಲಾರವು.

ಆ ಜಾಗದಲ್ಲಿ ಯಾರಿರುತ್ತಾರೆಂಬುದನ್ನು ರೈತರಿಗೆ ಹೇಳಬೇಕಾದುದಿಲ್ಲ. ಕಬ್ಬು ಕಡಿಯುವ ತಂಡದವರು ಸಂಸಾರ ಸಮೇತ ಗದ್ದೆಗೆ ಬರುವುದುಂಟು. ಅವರ ಮಕ್ಕಳಿಗೆ ಬಿಸಿಲಿನಲ್ಲಿ ಸಿಕ್ಕುವ ನೆರಳೆಂದರೆ ಅನೇಕ ವೇಳೆ ನಿಂತ ಟ್ರೇಲರಿನ ನೆರಳೇ. ಸುಗ್ಗಿಯಲ್ಲಿ ಕಣದ ಬಳಿ ಹೆಂಗಸರು ಬತ್ತ ತೂರುತ್ತಾರೆ, ಚೀಲ ಹೊಲಿಯುತ್ತಾರೆ. ಹಿತ್ತಿಲಲ್ಲಿ ಕರುಗಳನ್ನು ಗೂಟಕ್ಕೆ ಕಟ್ಟಿರುತ್ತಾರೆ. ಎಂಜಿನಿನ ಸದ್ದು ದಿನವೆಲ್ಲ ಕಿವಿಯಲ್ಲಿರುವುದರಿಂದ, ಅದು ಮುಂದಕ್ಕೆ ಹೋಗುವ ಸದ್ದೋ ಹಿಂದಕ್ಕೆ ಬರುವ ಸದ್ದೋ ಎಂದು ಯಾರೂ ಗಮನಿಸುವುದಿಲ್ಲ. ತಪ್ಪು ತಿಳಿಯುವ ಹೊತ್ತಿಗೆ ಚಕ್ರವು ಉರುಳಿರುತ್ತದೆ.

ಈ ಸಾಧನ ಬಂದ ಬಗೆ

ವಾಹನದ ಹಿಂದೆ ಕ್ಯಾಮೆರಾ ಇಡುವ ಯೋಚನೆಯು ಹೊಸದಲ್ಲ. ೧೯೫೬ರಲ್ಲಿ ಅಮೆರಿಕಾದ ಬ್ಯೂಯಿಕ್ ಸಂಸ್ಥೆಯವರು ಪ್ರದರ್ಶನಕ್ಕಾಗಿ ರಚಿಸಿದ ಸೆಂಚೂರಿಯನ್ ಎಂಬ ಕಾರಿನಲ್ಲಿ ಕನ್ನಡಿಗೆ ಬದಲಾಗಿ ಟೆಲಿವಿಷನ್ ಕ್ಯಾಮೆರಾ ಇತ್ತು. ೧೯೯೧ರಲ್ಲಿ ಜಪಾನಿನಲ್ಲಿ ಟೊಯೋಟಾ ಸೋರೆರ್ ಎಂಬ ಕಾರಿನಲ್ಲಿ ಇದು ಮಾರಾಟಕ್ಕೆ ಬಂದಿತು. ಅಮೆರಿಕಾದಲ್ಲಿ ೨೦೦೨ರಲ್ಲಿ ಎರಡು ವರ್ಷದ ಮಗುವೊಂದು, ಮನೆಯ ಮುಂದೆಯೇ, ತಂದೆಯು ಹಿಂದಕ್ಕೆ ತಂದ ವಾಹನಕ್ಕೆ ಸಿಕ್ಕಿ ಮರಣ ಹೊಂದಿತು. ಆ ಮಗುವಿನ ಹೆಸರಿನಲ್ಲಿ ೨೦೦೮ರಲ್ಲಿ ಅಲ್ಲಿ ಒಂದು ಶಾಸನವಾಯಿತು. ಅದರ ಮೇರೆಗೆ ರಚಿತವಾದ ನಿಯಮವು ೨೦೧೮ರ ಮೇ ತಿಂಗಳಿಂದ ಪೂರ್ಣವಾಗಿ ಜಾರಿಗೆ ಬಂದು, ಹೊಸ ಕಾರುಗಳಿಗೂ ಲಘು ವಾಹನಗಳಿಗೂ ಹಿನ್ನೋಟದ ಕ್ಯಾಮೆರಾ ಕಡ್ಡಾಯವಾಯಿತು. ವಾಹನದ ಹಿಂದೆ ೧೦ ಅಡಿ ಅಗಲ, ೨೦ ಅಡಿ ಉದ್ದದ ನೆಲವು ಪರದೆಯಲ್ಲಿ ಕಾಣಬೇಕೆಂಬುದು ಆ ನಿಯಮದ ತಿರುಳು. ಟ್ರೇಲರಿಗೂ ಇದನ್ನೇ ಅಳತೆಯಾಗಿಟ್ಟುಕೊಳ್ಳುವುದು ಒಳ್ಳೆಯದು.

ಭಾರತದಲ್ಲಿ ೨೦೧೯ರ ಜುಲೈ ೧ರಿಂದ ತಯಾರಾಗುವ ಕಾರುಗಳಿಗೆ, ಹಿಂದಿನ ಅಡ್ಡಿಯನ್ನು ಸದ್ದಿನ ಮೂಲಕ ತಿಳಿಸುವ ಸಾಧನವು ಕಡ್ಡಾಯವಾಯಿತು. ಆ ಸಾಧನದ ಸಂವೇದಕಗಳು ಕಬ್ಬಿನ ಟ್ರೇಲರಿಗೆ ಅಷ್ಟಾಗಿ ಒಗ್ಗುವುದಿಲ್ಲ. ಹಿಂದಕ್ಕೆ ಚಾಚಿದ ಸೋಗೆಯನ್ನೇ ಅವು ಅಡ್ಡಿಯೆಂದು ತಿಳಿದು ಬಿಡುವಿಲ್ಲದೆ ಕೂಗುತ್ತವೆ. ಬಿಡುವಿಲ್ಲದ ಕೂಗಿಗೆ ಚಾಲಕನು ಬೆಲೆ ಕೊಡುವುದನ್ನೇ ಬಿಡುತ್ತಾನೆ. ಈ ಕಾರಣದಿಂದ ಟ್ರೇಲರಿಗೆ ಕ್ಯಾಮೆರಾವೇ ಮೇಲು.

ಕ್ಯಾಮೆರಾವನ್ನು ಆರಿಸುವುದು

೧. ನೋಟದ ಅಗಲ. ಕ್ಯಾಮೆರಾವು ಎಷ್ಟು ಅಗಲವಾಗಿ ನೋಡಬಲ್ಲುದೆಂಬುದನ್ನು ಡಿಗ್ರಿಗಳಲ್ಲಿ ಹೇಳುತ್ತಾರೆ. ೯೦ ಡಿಗ್ರಿಯ ಕ್ಯಾಮೆರಾವು ತನ್ನಿಂದ ೩ ಅಡಿ ದೂರದಲ್ಲಿ ೬ ಅಡಿ ಅಗಲವನ್ನು ಮಾತ್ರ ಕಾಣುತ್ತದೆ. ೧೨೦ ಡಿಗ್ರಿಯದು ಅದೇ ದೂರದಲ್ಲಿ ಸುಮಾರು ೧೦ ಅಡಿ ಕಾಣುತ್ತದೆ. ಟ್ರೇಲರಿನ ಅಗಲಕ್ಕಿಂತ ಎರಡು ಬದಿಗೂ ತುಸು ಹೆಚ್ಚು ಕಾಣಬೇಕಾದುದರಿಂದ ೧೨೦ರಿಂದ ೧೪೦ ಡಿಗ್ರಿಯದನ್ನು ಆರಿಸತಕ್ಕದ್ದು. ೧೭೦ ಡಿಗ್ರಿಯೆಂದು ಹೊಗಳಿ ಮಾರುವವುಗಳಲ್ಲಿ ಅಂಚು ಬಾಗಿ, ನಡುವಿನ ವಸ್ತುವು ಇರುವುದಕ್ಕಿಂತ ಚಿಕ್ಕದಾಗಿಯೂ ದೂರವಾಗಿಯೂ ತೋರುತ್ತದೆ.

೨. ನೀರು ಮತ್ತು ಧೂಳು. ಇವುಗಳನ್ನು ತಡೆಯುವ ಶಕ್ತಿಯನ್ನು 'ಐಪಿ' ಎಂಬ ಗುರುತಿನ ಮುಂದೆ ಅಂಕಿಗಳಿಂದ ಸೂಚಿಸುತ್ತಾರೆ. ಮೊದಲನೆಯ ಅಂಕಿಯು ಧೂಳಿಗೂ ಎರಡನೆಯದು ನೀರಿಗೂ ಸಂಬಂಧಿಸಿದುದು. ಐಪಿ ೬೭ ಎಂದರೆ ಧೂಳು ಒಳಹೋಗದು, ಒಂದು ಮೀಟರು ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಕೆಡದು ಎಂದರ್ಥ. ಐಪಿ ೬೯ಕೆ ಎಂಬುದು ಒತ್ತಡದಿಂದ ಚಿಮ್ಮುವ ಬಿಸಿನೀರನ್ನೂ ತಡೆಯುತ್ತದೆ. ಕಾಲುವೆಯ ಕೆಸರಿನಲ್ಲಿ ಓಡಾಡಿ, ಆಮೇಲೆ ಪಂಪಿನ ನೀರಿನಿಂದ ತೊಳೆಯಿಸಿಕೊಳ್ಳುವ ಟ್ರೇಲರಿಗೆ ೬೭ಕ್ಕೆ ಕಡಮೆಯಾದುದು ಕೂಡದು; ೬೯ಕೆ ದೊರೆತರೆ ಉತ್ತಮ.

೩. ಇರುಳಿನ ನೋಟ. ಕಬ್ಬಿನ ಸಾಗಾಟವು ಹಗಲಿಗೆ ಮುಗಿಯುವುದಿಲ್ಲ. ನಂಜನಗೂಡು ತಾಲ್ಲೂಕಿನ ಅಳಗಂಚಿಯಲ್ಲಿರುವಂಥ ಸಕ್ಕರೆ ಕಾರ್ಖಾನೆಯ ಸರದಿಯು ಸರಿರಾತ್ರಿಗೂ ಬರಬಹುದು. ಕಣ್ಣಿಗೆ ಕಾಣದ ಕೆಂಪಿನಾಚೆಯ ಕಿರಣಗಳನ್ನು ಬೀರುವ ಚಿಕ್ಕ ದೀಪಗಳು ಕೆಲವು ಕ್ಯಾಮೆರಾಗಳಲ್ಲಿರುತ್ತವೆ. ಅವುಗಳ ಬೆಳಕು ಕೆಲವು ಅಡಿಗಳಷ್ಟು ದೂರ ಮಾತ್ರ ಹೋಗುತ್ತದೆ. ಚಿತ್ರವೂ ಬಣ್ಣಗೆಟ್ಟು ಕಪ್ಪು ಬಿಳುಪಾಗುತ್ತದೆ. ಆದುದರಿಂದ ಅದನ್ನೇ ನಂಬದೆ, ಹಿಂದಕ್ಕೆ ಬರುವಾಗ ಹೊತ್ತಿಸುವ ಬಿಳಿಯ ದೀಪವೊಂದನ್ನು ಟ್ರೇಲರಿನ ಹಿಂದೆ ಸೇರಿಸಿದರೆ ಕ್ಯಾಮೆರಾಕ್ಕೂ ಮನುಷ್ಯರಿಗೂ ಉಪಕಾರ.

೪. ಬಲ ಎಡಗಳ ಸರಿಮೆ. ಹಿನ್ನೋಟದ ಚಿತ್ರವು ಕನ್ನಡಿಯಲ್ಲಿ ಕಂಡಂತೆ ಇರಬೇಕು. ಅಂದರೆ ಟ್ರೇಲರಿನ ಬಲಗಡೆಯಲ್ಲಿ ನಿಂತವನು ಪರದೆಯ ಬಲಗಡೆಯಲ್ಲಿಯೇ ಕಾಣಬೇಕು. ಮುನ್ನೋಟಕ್ಕೆಂದು ಮಾಡಿದ ಕ್ಯಾಮೆರಾವನ್ನು ಹಿಂದೆ ಕೂರಿಸಿದರೆ ಬಲವು ಎಡವಾಗಿ ತೋರಿ, ತಪ್ಪಿಸಿಕೊಳ್ಳಬೇಕಾದವನ ಮೇಲೆಯೇ ವಾಹನವು ತಿರುಗುವುದು. ಕೊಳ್ಳುವ ಮುಂಚೆ ಅಂಗಡಿಯಲ್ಲಿಯೇ ಇದನ್ನು ಪರೀಕ್ಷಿಸತಕ್ಕದ್ದು.

೫. ವಿದ್ಯುತ್ತಿನ ಪ್ರಮಾಣ. ಟ್ರ್ಯಾಕ್ಟರಿನ ಬ್ಯಾಟರಿಯು ಸಾಧಾರಣವಾಗಿ ೧೨ ವೋಲ್ಟಿನದು. ದೊಡ್ಡ ಲಾರಿಗಳಲ್ಲಿ ೨೪ ವೋಲ್ಟು. ೧೨ ವೋಲ್ಟಿನ ಕ್ಯಾಮೆರಾವನ್ನು ಲಾರಿಗೆ ಸೇರಿಸಿದರೆ ಸುಟ್ಟುಹೋಗುತ್ತದೆ. ಎರಡಕ್ಕೂ ಆಗುವಂಥವೂ ಉಂಟು. ಅವುಗಳ ಮೇಲೆ ೯ರಿಂದ ೩೬ ವೋಲ್ಟು ಎಂಬಂತಹ ಬರಹವಿರುತ್ತದೆ.

೬. ತಂತಿಯೋ, ತಂತಿಯಿಲ್ಲದ್ದೋ? ತಂತಿಯಿಲ್ಲದ ಕ್ಯಾಮೆರಾವನ್ನು ಕೂರಿಸುವುದು ಸುಲಭ. ಆದರೆ ಕ್ಯಾಮೆರಾಕ್ಕೂ ಪರದೆಗೂ ನಡುವೆ ಉಕ್ಕಿನ ಮೈಯೂ ಹಸಿ ಕಬ್ಬಿನ ರಾಶಿಯೂ ಅಡ್ಡವಾಗಿರುವುದರಿಂದ ಅಲೆಗಳು ಕುಂದಿ ಚಿತ್ರವು ತಡೆದು ತಡೆದು ಬರಬಹುದು. ನಿಂತುಹೋದ ಚಿತ್ರವು ಚಿತ್ರವೇ ಇಲ್ಲದುದಕ್ಕಿಂತ ಅಪಾಯಕರ. ಏತಕ್ಕೆಂದರೆ ಕ್ಷಣಕಾಲದ ಹಿಂದೆ ಬರಿದಾಗಿದ್ದ ನೆಲವನ್ನೇ ಅದು ಈಗಲೂ ಬರಿದೆಂದು ತೋರಿಸುತ್ತದೆ. ಟ್ರೇಲರಿಗೆ ತಂತಿಯ ಕ್ಯಾಮೆರಾವೇ ತಕ್ಕುದು.

ಪರದೆಯನ್ನು ಆರಿಸುವುದು

ಕಾರಿನ ಪರದೆಗೆ ಮೇಲೆ ಮಾಡು, ಸುತ್ತ ಗಾಜು ಇರುತ್ತವೆ. ನಮ್ಮ ಸೀಮೆಯ ಹೆಚ್ಚಿನ ಟ್ರ್ಯಾಕ್ಟರುಗಳು ನಾಲ್ಕು ಕಡೆಯೂ ತೆರೆದವು. ಬಿಸಿಲು, ಮಳೆ, ಬತ್ತದ ತೌಡುಧೂಳು ಎಲ್ಲವೂ ಪರದೆಯ ಮೇಲೆ ನೇರವಾಗಿ ಬೀಳುತ್ತವೆ. ಆದುದರಿಂದ ಪರದೆಯೂ ನೀರು ಧೂಳುಗಳನ್ನು ತಡೆಯುವಂಥದೇ ಆಗಿರಬೇಕು. ಮೇಲುಗಡೆ ನೆರಳಿನ ಮುಚ್ಚಿಗೆ ಇರಬೇಕು. ೭ ಅಂಗುಲದ ಪರದೆಯು ಸಾಕು; ೫ ಅಂಗುಲಕ್ಕೆ ಕಡಮೆಯಾದರೆ ಕುಲುಕಾಟದಲ್ಲಿ ಏನೂ ತಿಳಿಯದು. ಕೆಲಸ ಮುಗಿದ ಮೇಲೆ ಕಳಚಿ ಮನೆಗೆ ಒಯ್ಯುವಂತಿದ್ದರೆ ಮಳೆಯ ಭಯವೂ ಕಳವಿನ ಭಯವೂ ಕಡಮೆ. ಕ್ಯಾಮೆರಾ ಮತ್ತು ಪರದೆ ಒಂದೇ ಬಗೆಯ ಸಂಕೇತವನ್ನು ಬಳಸುವಂಥವಾಗಿರಬೇಕೆಂಬುದನ್ನೂ ಮರೆಯಕೂಡದು. ಎಎಚ್‌ಡಿ ಎಂಬ ಹೊಸ ಬಗೆಯ ಕ್ಯಾಮೆರಾವನ್ನು ಹಳೆಯ ಬಗೆಯ ಪರದೆಗೆ ಸೇರಿಸಿದರೆ ಚಿತ್ರವು ಬಾರದು. ಎರಡನ್ನೂ ಜೊತೆಯಾಗಿಯೇ ಕೊಳ್ಳುವುದು ಕ್ಷೇಮ.

ಎಲ್ಲಿ ಕೂರಿಸಬೇಕು?

ಹಿಂಬಾಗಿಲಿನ ಮೇಲೆ ಕ್ಯಾಮೆರಾವನ್ನು ಕೂರಿಸಕೂಡದು. ಸರಕು ಇಳಿಸುವಾಗ ಬಾಗಿಲು ಕೆಳಕ್ಕೆ ಬಿದ್ದು ಕ್ಯಾಮೆರಾವು ಜಜ್ಜಿಹೋಗುತ್ತದೆ. ಕದಲದ ಭಾಗವನ್ನೇ ಆರಿಸತಕ್ಕದ್ದು. ಮೂಟೆಗಳನ್ನು ಮಾತ್ರ ಸಾಗಿಸುವ ಟ್ರೇಲರಾದರೆ ಹಿಂದಿನ ಮೂಲೆಗಂಬದ ಮೇಲ್ತುದಿಯು ಒಳ್ಳೆಯ ಸ್ಥಳ. ಎತ್ತರದಿಂದ ಕೆಳಮುಖವಾಗಿ ನೋಡಿದಷ್ಟೂ ದೂರದ ಅಂದಾಜು ಚೆನ್ನಾಗಿ ತಿಳಿಯುತ್ತದೆ, ಕೆಸರೂ ಸಿಡಿಯದು. ಕಬ್ಬನ್ನು ಸಾಗಿಸುವ ಟ್ರೇಲರಿನಲ್ಲಾದರೋ ಮೇಲಿನ ಕ್ಯಾಮೆರಾವನ್ನು ಸೋಗೆಯು ಮುಚ್ಚುತ್ತದೆ. ಅದಕ್ಕೆ ಹಲಗೆಯ ಕೆಳಗಿರುವ ಹಿಂದಿನ ಅಡ್ಡತೊಲೆಯ ನಡುಭಾಗವೇ ಸರಿ. ಅಲ್ಲಿ ನೆಲದಿಂದ ಸುಮಾರು ೩ ಅಡಿ ಎತ್ತರ ಸಿಕ್ಕುತ್ತದೆ. ಕ್ಯಾಮೆರಾವು ತೊಲೆಯ ಅಂಚಿಗಿಂತ ತುಸು ಒಳಗಿರುವಂತೆ ಕೂರಿಸಿ, ಎರಡು ಪಕ್ಕಕ್ಕೂ ಮೇಲಕ್ಕೂ ಕಬ್ಬಿಣದ ಪಟ್ಟಿಯಿಂದ ಚಿಕ್ಕದೊಂದು ಗೂಡನ್ನು ಮಾಡಿಸಿದರೆ, ಗೋಡೆಗೆ ತಗಲಿದರೂ ಕ್ಯಾಮೆರಾವು ಉಳಿಯುತ್ತದೆ.

ಬೋಲ್ಟುಗಳಿಗೆ ರಬ್ಬರಿನ ಬಿಲ್ಲೆಯನ್ನೂ ಸ್ಪ್ರಿಂಗ್ ವಾಷರನ್ನೂ ಹಾಕಿ ಬಿಗಿಯಬೇಕು. ಇಲ್ಲದೆ ಹೋದರೆ ಬದುಗಳ ಮೇಲಣ ಕುಲುಕಾಟಕ್ಕೆ ನಟ್ಟು ಸಡಿಲಿ ಕ್ಯಾಮೆರಾವು ನೆಲವನ್ನೋ ಆಕಾಶವನ್ನೋ ನೋಡುತ್ತದೆ. ಪರದೆಯ ಕೆಳಗಿನ ಅಂಚಿನಲ್ಲಿ ಟ್ರೇಲರಿನ ಹಿಂತುದಿಯು ಒಂದು ಗೆರೆಯಷ್ಟು ಕಾಣುವಂತೆ ವಾಟವನ್ನು ಹೊಂದಿಸತಕ್ಕದ್ದು. ತನ್ನ ವಾಹನದ ತುದಿ ಕಾಣದಿದ್ದರೆ, ಗೋಡೆಗೂ ಅದಕ್ಕೂ ಎಷ್ಟು ಅಂತರವುಂಟೆಂದು ಚಾಲಕನಿಗೆ ತಿಳಿಯುವ ಬಗೆಯಿಲ್ಲ.

ತಂತಿಯನ್ನು ಎಳೆಯುವ ಕ್ರಮ

ಕೆಲಸಕ್ಕೆ ಮೊದಲು ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಿಡಬೇಕು. ಟ್ರ್ಯಾಕ್ಟರಿನ ಬೀಗದ ಕೈ ತಿರುಗಿಸಿದಾಗ ಮಾತ್ರ ವಿದ್ಯುತ್ತು ಬರುವ ಕಡೆಯಿಂದ ಧನ ತಂತಿಯನ್ನು ತೆಗೆದುಕೊಂಡು, ಮೊದಲಿಗೇ ೨ ಅಥವಾ ೩ ಆಂಪಿಯರಿನ ಫ್ಯೂಸನ್ನು ಹಾಕತಕ್ಕದ್ದು. ನೇರವಾಗಿ ಬ್ಯಾಟರಿಗೆ ಸೇರಿಸಿದರೆ ಗಾಡಿಯು ನಿಂತಿರುವಾಗಲೂ ವಿದ್ಯುತ್ತು ಸೋರಿ, ಬೆಳಗಾಗುವಷ್ಟರಲ್ಲಿ ಎಂಜಿನು ಹೊತ್ತದಂತಾಗಬಹುದು. ಲಾರಿಗಳಲ್ಲಿ ಹಿಂದಕ್ಕೆ ಬರುವ ಗೇರು ಹಾಕಿದೊಡನೆ ಹೊತ್ತುವ ದೀಪವಿರುತ್ತದೆ. ಪರದೆಯ ಸೂಚಕ ತಂತಿಯನ್ನು ಅದಕ್ಕೆ ಸೇರಿಸಿದರೆ ಚಿತ್ರವು ತಾನಾಗಿ ಬರುತ್ತದೆ. ಆ ದೀಪವಿಲ್ಲದ ಟ್ರ್ಯಾಕ್ಟರುಗಳಲ್ಲಿ ಕೈಗೆ ಸಿಕ್ಕುವಂತೆ ಒಂದು ಸ್ವಿಚ್ಚನ್ನಿಡಬೇಕು. ಅದೇ ಸ್ವಿಚ್ಚಿಗೆ ಹಿಂದಿನ ಬಿಳಿ ದೀಪವನ್ನೂ ಎಚ್ಚರಿಕೆಯ ಪೀಪಿಯನ್ನೂ ಸೇರಿಸುವುದಾದರೆ ಅವುಗಳ ಭಾರಕ್ಕೆ ತಕ್ಕ ಬೇರೆ ಫ್ಯೂಸನ್ನೂ ದಪ್ಪ ತಂತಿಯನ್ನೂ ಹಾಕತಕ್ಕದ್ದು.

ಟ್ರೇಲರಿನ ಕಬ್ಬಿಣವನ್ನೇ ಋಣ ದಾರಿಯನ್ನಾಗಿ ಬಳಸುವ ರೂಢಿಯಿದೆ. ಕೊಂಡಿಯ ಗೂಟಕ್ಕೆ ಗ್ರೀಸೂ ತುಕ್ಕೂ ಮೆತ್ತಿರುವುದರಿಂದ ವಿದ್ಯುತ್ತು ಬಂದು ಹೋಗಿ ಚಿತ್ರವು ಮಿನುಗುತ್ತದೆ. ಕ್ಯಾಮೆರಾಕ್ಕೆ ಋಣ ತಂತಿಯನ್ನು ಬೇರೆಯಾಗಿಯೇ ಎಳೆಯಬೇಕು. ತಂತಿಯ ಉದ್ದಕ್ಕೆ ಹೆದರಬೇಕಾದುದಿಲ್ಲ. ಅರ್ಧ ಚದರ ಮಿಲಿಮೀಟರು ದಪ್ಪದ ತಾಮ್ರದ ತಂತಿಯನ್ನು ೧೨ ಮೀಟರು ಎಳೆದರೆ ಹೋಗಿಬರುವ ದಾರಿ ೨೪ ಮೀಟರು. ಅದರ ತಡೆ ಸುಮಾರು ೦.೮ ಓಮು. ಕ್ಯಾಮೆರಾವು ೦.೨ ಆಂಪಿಯರು ಬಳಸಿದರೆ ದಾರಿಯಲ್ಲಿ ನಷ್ಟವಾಗುವುದು ೦.೨ ವೋಲ್ಟಿಗೂ ಕಡಮೆ. ಚಿತ್ರ ಕೆಡುವುದು ಬಹುತೇಕ ಉದ್ದದಿಂದಲ್ಲ, ಸಡಿಲವಾದ ಜೋಡಣೆಯಿಂದ. ಆದುದರಿಂದ ಒತ್ತಿ ಸಿಕ್ಕಿಸುವ ಜೋಡಣೆಗಿಂತ, ನಾಲ್ಕು ಸೂಜಿಗಳಿದ್ದು ತಿರುಪಿ ಬಿಗಿಯುವ ಜೋಡಣೆಯನ್ನು ಆರಿಸತಕ್ಕದ್ದು.

ಕೊಂಡಿಯ ಬಳಿ ಸುರುಳಿ ತಂತಿಯನ್ನು ಹಾಕಿ, ಪೂರ್ತಿ ತಿರುಗಿಸಿದಾಗಲೂ ಎಳೆಯದಷ್ಟು, ನೆಲಕ್ಕೆ ತಾಗದಷ್ಟು ಸಡಿಲವನ್ನು ಬಿಡಬೇಕು. ಟ್ರೇಲರನ್ನು ಬಿಚ್ಚುವಾಗ ಕಳಚುವ ಪ್ಲಗ್ಗಿಗೆ ಮುಚ್ಚಳವಿರಬೇಕು. ಉಳಿದ ತಂತಿಯನ್ನು ಕೊಳವೆಯೊಳಗೆ ಹಾಯಿಸಿ, ಅಡಿಗೊಂದು ಕಟ್ಟಿನಂತೆ ತೊಲೆಗೆ ಬಿಗಿದರೆ ಇಲಿಯೂ ಕಡಿಯದು, ಕಳೆಗಿಡಗಳೂ ಎಳೆಯವು. ಹೊಗೆಕೊಳವೆಗೂ ಹೈಡ್ರಾಲಿಕ್ ಕೊಳವೆಗೂ ದೂರವಿರಬೇಕು. ತಗಡನ್ನು ತೂತು ಮಾಡಿ ಹಾಯಿಸುವೆಡೆಯಲ್ಲಿ ರಬ್ಬರಿನ ಬಳೆಯನ್ನು ಹಾಕಬೇಕು. ಟ್ರೇಲರಿಗೆ ಮುಂದೆ ಎಂದಾದರೂ ವೆಲ್ಡಿಂಗು ಮಾಡಿಸುವಾಗ ಕ್ಯಾಮೆರಾದ ಪ್ಲಗ್ಗನ್ನು ಕಳಚುವುದು ಅವಶ್ಯಕ. ಇಲ್ಲವಾದರೆ ವೆಲ್ಡಿಂಗಿನ ವಿದ್ಯುತ್ತು ಅದನ್ನು ಸುಡಬಹುದು.

ಪರೀಕ್ಷೆ

ಕೂರಿಸಿದ ಮೇಲೆ ಸಮವಾದ ಕಣದಲ್ಲಿ ಟ್ರೇಲರನ್ನು ನಿಲ್ಲಿಸಿ, ಹಿಂತುದಿಯಿಂದ ೩, ೬, ೧೦ ಮತ್ತು ೨೦ ಅಡಿಗಳಿಗೆ ಸುಣ್ಣದ ಗೆರೆಗಳನ್ನೆಳೆಯಬೇಕು. ೩ ಅಡಿ ಉದ್ದದ ಬಾಳೆದಿಂಡೊಂದನ್ನು ಮಗುವಿನ ಎತ್ತರಕ್ಕೆ ಪ್ರತಿಯಾಗಿ ಪ್ರತಿಯೊಂದು ಗೆರೆಯ ಮೇಲೂ, ನಡುವಿನಲ್ಲಿಯೂ ಎರಡು ತುದಿಗಳಲ್ಲಿಯೂ ನಿಲ್ಲಿಸಿ, ಚಾಲಕನು ಪೀಠದ ಮೇಲೆ ಕುಳಿತು ಪರದೆಯಲ್ಲಿ ನೋಡತಕ್ಕದ್ದು. ದಿಂಡು ಎಲ್ಲಿ ಕಾಣದೆ ಹೋಗುತ್ತದೆಯೋ ಅಲ್ಲಿ ಮಗುವೂ ಕಾಣದು. ವಾಟವನ್ನು ಮತ್ತೆ ಹೊಂದಿಸಬೇಕು. ಗೆರೆಗಳು ಪರದೆಯ ಮೇಲೆ ಎಲ್ಲಿ ಬೀಳುತ್ತವೆಯೋ ಅಲ್ಲಿ ಸಣ್ಣ ಅಂಟುಪಟ್ಟಿಗಳನ್ನು ಹಚ್ಚಿದರೆ ದೂರವು ಒಂದೇ ನೋಟಕ್ಕೆ ತಿಳಿಯುತ್ತದೆ. ಇದೇ ಪರೀಕ್ಷೆಯನ್ನು ಕಬ್ಬು ತುಂಬಿದ ಮೇಲೊಮ್ಮೆ, ಕತ್ತಲಾದ ಮೇಲೊಮ್ಮೆ ಮಾಡಬೇಕು.

ಎರಡು ಚಕ್ರದ ಟ್ರೇಲರನ್ನು ಹಿಂದಕ್ಕೆ ತರುವಾಗ ಅದರ ತುದಿಯು ಸ್ಟೀರಿಂಗಿಗೆ ವಿರುದ್ಧವಾಗಿ ತಿರುಗುತ್ತದೆಂಬುದು ಅನುಭವಸ್ಥರಿಗೆ ಗೊತ್ತು. ಹೊಸಬರು ಸ್ಟೀರಿಂಗ್ ಚಕ್ರದ ಕೆಳತುದಿಯನ್ನು ಹಿಡಿದು, ಪರದೆಯಲ್ಲಿ ಟ್ರೇಲರಿನ ತುದಿಯು ಯಾವ ಕಡೆಗೆ ಹೋಗಬೇಕೋ ಆ ಕಡೆಗೆ ಕೈಯನ್ನು ಸರಿಸಿದರೆ ಸರಿಯಾಗುತ್ತದೆ. ಮುಂಚಕ್ರಗಳೂ ತಿರುಗುವ ನಾಲ್ಕು ಚಕ್ರದ ಟ್ರೇಲರಿಗೆ ಎರಡು ಕೀಲುಗಳಿರುವುದರಿಂದ ಈ ಉಪಾಯವು ನಡೆಯದು; ಅದನ್ನು ಬರಿದಾಗಿರುವಾಗ ಬಯಲಿನಲ್ಲಿ ಅಭ್ಯಾಸ ಮಾಡಿಯೇ ಕಲಿಯಬೇಕು.

ಕ್ಯಾಮೆರಾ ಕಾಣದುದು

ಈ ಸಾಧನಕ್ಕೂ ಮಿತಿಯುಂಟು. ಸಂಜೆಯ ಸೂರ್ಯನು ಎದುರಾದರೆ ಚಿತ್ರವೆಲ್ಲ ಬೆಳ್ಳಗಾಗುತ್ತದೆ. ಒಂದು ತೊಟ್ಟು ಕೆಸರು ಬಿದ್ದರೆ ಅರ್ಧ ನೆಲವು ಮರೆಯಾಗುತ್ತದೆ. ಆದುದರಿಂದ ಪ್ರತಿ ಸಾರಿಯೂ ಹಸಿಬಟ್ಟೆಯಿಂದ ಗಾಜನ್ನು ಒರೆಸತಕ್ಕದ್ದು. ಒಣಧೂಳನ್ನು ಉಜ್ಜಿದರೆ ಗಾಜಿಗೆ ಗೀರು ಬೀಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಟ್ರೇಲರಿನ ಅಡಿಯಲ್ಲಿ, ಚಕ್ರದ ಮಗ್ಗುಲಲ್ಲಿ ಮಲಗಿರುವ ಮಗುವನ್ನು ಯಾವ ಹಿನ್ನೋಟದ ಕ್ಯಾಮೆರಾವೂ ತೋರಿಸದು. ಅದನ್ನು ಕಾಣುವುದಕ್ಕೆ ಇಳಿದು ಸುತ್ತ ನಡೆದು ನೋಡುವುದೊಂದೇ ದಾರಿ.

ಕ್ಯಾಮೆರಾ ಬಂದಿತೆಂದು ಜೊತೆಯಾಳನ್ನು ಬಿಡಕೂಡದು. ಆತನು ಟ್ರೇಲರಿನ ನೇರ ಹಿಂದೆ ನಿಂತು 'ಬರಲಿ, ಬರಲಿ' ಎಂದು ಕೂಗುವ ರೂಢಿಯು ಅಪಾಯಕರವಾದುದು. ಆತನ ಕಾಲು ಜಾರಿದರೆ ಮೊದಲು ಸಿಕ್ಕುವವನು ಆತನೇ. ಚಾಲಕನ ಕಣ್ಣಿಗೆ ಕಾಣುವಂತೆ ಪಕ್ಕದಲ್ಲಿ, ದೂರದಲ್ಲಿ ನಿಂತು ಕೈಸನ್ನೆಯಿಂದ ತಿಳಿಸಬೇಕು. ಜೊತೆಯಾಳು ಕಣ್ಮರೆಯಾದನೆಂದರೆ ಚಾಲಕನು ಆ ಕ್ಷಣವೇ ನಿಲ್ಲಿಸತಕ್ಕದ್ದು. ಹಿಂದಕ್ಕೆ ಬರುವ ವೇಗವು ಮನುಷ್ಯನು ನಿಧಾನವಾಗಿ ನಡೆಯುವ ವೇಗವನ್ನು ಮೀರಕೂಡದು.

ಸಂಗ್ರಹವಾಗಿ ಹೇಳುವುದಾದರೆ: ನೀರು ಧೂಳುಗಳನ್ನು ತಡೆಯುವ, ೧೨೦ರಿಂದ ೧೪೦ ಡಿಗ್ರಿ ನೋಟದ, ತಂತಿಯ ಕ್ಯಾಮೆರಾವನ್ನು ಆರಿಸಿ, ಕದಲದ ಭಾಗದಲ್ಲಿ ಗೂಡು ಮಾಡಿ ಕೂರಿಸಿ, ಫ್ಯೂಸು ಹಾಕಿ, ಬೇರೆ ಋಣ ತಂತಿಯನ್ನೆಳೆದು, ಬಾಳೆದಿಂಡಿನಿಂದ ಪರೀಕ್ಷಿಸಿ, ಆಮೇಲೆ ಕೆಲಸಕ್ಕೆ ತೊಡಗಬೇಕು. ಸುಗ್ಗಿಯು ಆರಂಭವಾಗುವ ಮುನ್ನ, ಟ್ರೇಲರಿಗೆ ಗ್ರೀಸು ಹಾಕಿ ಚಕ್ರಗಳನ್ನು ನೋಡಿಸುವ ದಿನವೇ ಈ ಕೆಲಸವನ್ನೂ ಮುಗಿಸಿಕೊಳ್ಳುವುದು ಅನುಕೂಲ. ಒಂದು ವರ್ಷದ ಫಸಲು ಕೈಬಿಟ್ಟರೆ ಮುಂದಿನ ವರ್ಷ ಬೆಳೆದುಕೊಳ್ಳಬಹುದು. ಕಣದಲ್ಲಿ ಆಡುತ್ತಿದ್ದ ಮಗುವಿನ ವಿಷಯದಲ್ಲಿ ಆ ಮಾತಿಗೆ ಎಡೆಯಿಲ್ಲವೆಂಬುದನ್ನು ಟ್ರ್ಯಾಕ್ಟರಿನ ಒಡೆಯರೂ ಚಾಲಕರೂ ಪ್ರತಿ ಸಾರಿ ಹಿಂದಿನ ಗೇರಿಗೆ ಕೈಯಿಡುವಾಗಲೂ ನೆನೆಯತಕ್ಕದ್ದು.